ಮೂರು ವರ್ಷದ ಭಾನುವಾರಗಳು

ಚದುರಂಗದ ಆಟವನ್ನು ಕಂಡುಹಿಡಿದ ಪಂಡಿತನ ಕಥೆಯನ್ನು ಕೇಳದ ವಾಚಕರು ವಿರಳ. ಆಟಕ್ಕೆ ಮೆಚ್ಚಿದ ಅರಸನು ಬೇಕಾದುದನ್ನು ಬೇಡೆಂದನಂತೆ. ಹಾಸಿನ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿಯಾಗುವಂತೆ ಅರವತ್ತನಾಲ್ಕು ಮನೆಗಳಿಗೂ ಧಾನ್ಯವನ್ನು ಕೊಟ್ಟರೆ ಸಾಕೆಂದು ಪಂಡಿತನು ಬಿನ್ನವಿಸಿದನಂತೆ. ಇಷ್ಟೇ ತಾನೆ ಎಂದು ನಕ್ಕ ಅರಸನ ಕಣಜಗಳೆಲ್ಲ ಬರಿದಾದರೂ ಲೆಕ್ಕ ತೀರಲಿಲ್ಲ. ಕಾಳುಗಳ ಒಟ್ಟು ಮೊತ್ತ 1,84,46,74,40,73,70,95,51,615. ಅರವತ್ತನಾಲ್ಕು ಎರಡುಗಳನ್ನು ಒಂದರಿಂದೊಂದು ಗುಣಿಸಿ, ಬಂದ ಗುಣಲಬ್ಧದಲ್ಲಿ ಒಂದನ್ನು ಕಳೆದರೆ ದೊರೆಯುವ ಸಂಖ್ಯೆಯಿದು.

ಗಾತ್ರದಲ್ಲಿ ಇದು ಎಷ್ಟು ಭೀಕರವಾಗಿದ್ದರೂ ಸ್ವಭಾವದಲ್ಲಿ ಬಲು ಸಾಧು. ಮೂರರಿಂದ ಭಾಗಿಸಿದರೆ ಶೇಷವಿಲ್ಲದೆ ಹೋಗುತ್ತದೆ; ಐದರಿಂದಲೂ ಹೋಗುತ್ತದೆ; 17, 257, 641, 65,537, 67,00,417 ಇವುಗಳಿಂದಲೂ ಹೋಗುತ್ತದೆ. ಈ ಏಳು ಅವಿಭಾಜ್ಯ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿದರೆ ಅರಸನ ಸಾಲವೇ ಮರಳಿ ಬರುತ್ತದೆ. ಹೀಗೆ ಸುಲಭವಾಗಿ ಒಡೆಯುವುದಕ್ಕೆ ಕಾರಣ ಮನೆಗಳ ಎಣಿಕೆಯಲ್ಲಿದೆ. 64 ಎಂಬುದು ತಾನೇ 2, 4, 8 ಮೊದಲಾದವುಗಳಿಂದ ಒಡೆಯುವ ಸಂಖ್ಯೆ. ಎರಡು ಮನೆಗಳ ಮೊತ್ತವಾದ 3, ನಾಲ್ಕು ಮನೆಗಳ ಮೊತ್ತವಾದ 15, ಎಂಟು ಮನೆಗಳ ಮೊತ್ತವಾದ 255, ಇವೆಲ್ಲವೂ ಅರವತ್ತನಾಲ್ಕು ಮನೆಗಳ ಮೊತ್ತವನ್ನು ನಿಶ್ಶೇಷವಾಗಿ ಭಾಗಿಸಲೇಬೇಕು. ಇದು ನಿಯಮ.

ಈಗ ಪಂಡಿತನ ಹಾಸಿಗೆ ಇನ್ನು ಮೂರೇ ಮೂರು ಮನೆಗಳನ್ನು ಸೇರಿಸೋಣ. ಅರವತ್ತೇಳು ಮನೆಗಳ ಮೊತ್ತ ಹೀಗಾಗುತ್ತದೆ:

14,75,73,95,25,89,67,64,12,927.

ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆಯನ್ನು ಇನ್ನು ಮುಂದೆ '67ರ ಸಂಖ್ಯೆ' ಎಂದು ಕರೆಯೋಣ. ಅದರಂತೆಯೇ ಐದು ಮನೆಗಳ ಮೊತ್ತವಾದ 31 ಎಂಬುದು '5ರ ಸಂಖ್ಯೆ', ಏಳು ಮನೆಗಳ ಮೊತ್ತವಾದ 127 ಎಂಬುದು '7ರ ಸಂಖ್ಯೆ'. ಅರವತ್ತೇಳು ಸ್ವತಃ ಅವಿಭಾಜ್ಯವಾದುದರಿಂದ ಮೇಲೆ ಹೇಳಿದ ನಿಯಮ ಇಲ್ಲಿ ಯಾವ ನೆರವನ್ನೂ ನೀಡದು. ಮೂರರಿಂದ ಹೋಗದು, ಐದರಿಂದ ಹೋಗದು, ನೂರರೊಳಗಿನ ಯಾವ ಸಂಖ್ಯೆಯಿಂದಲೂ ಹೋಗದು, ಲಕ್ಷದೊಳಗಿನ, ಕೋಟಿಯೊಳಗಿನ ಯಾವ ಸಂಖ್ಯೆಯಿಂದಲೂ ಹೋಗದು. ಈ ಒಂದು ಸಂಖ್ಯೆಯ ವಿಷಯದಲ್ಲಿ ಇನ್ನೂರೈವತ್ತೊಂಬತ್ತು ವರ್ಷಗಳ ಕಾಲ ಮೊದಲು ಒಂದು ತಪ್ಪು ನಂಬಿಕೆಯೂ ಬಳಿಕ ಒಂದು ವಿಚಿತ್ರವಾದ ಅರೆತಿಳಿವೂ ರಾಜ್ಯವಾಳಿದವು.

ಪಾದ್ರಿಯ ಪಟ್ಟಿ

ಇಂಥ ಸಂಖ್ಯೆಗಳ ಮೇಲೆ ವಿದ್ವಾಂಸರಿಗೆ ಮೋಹ ಹುಟ್ಟಿದ್ದು ಧಾನ್ಯದ ಲೆಕ್ಕದಿಂದಲ್ಲ. ತನ್ನ ಭಾಜಕಗಳೆಲ್ಲವನ್ನೂ ಕೂಡಿಸಿದರೆ ತಾನೇ ಆಗುವ ಸಂಖ್ಯೆಯನ್ನು ಗ್ರೀಕರು ಪರಿಪೂರ್ಣ ಸಂಖ್ಯೆಯೆಂದು ಕರೆದರು. ಆರರ ಭಾಜಕಗಳು 1, 2, 3, ಕೂಡಿಸಿದರೆ ಆರು. ಇಪ್ಪತ್ತೆಂಟರವು 1, 2, 4, 7, 14, ಕೂಡಿಸಿದರೆ ಇಪ್ಪತ್ತೆಂಟು. ನಮ್ಮ ಬಗೆಯ ಮೊತ್ತವೊಂದು ಅವಿಭಾಜ್ಯವಾಗಿದ್ದರೆ, ಅದನ್ನು ಹಾಸಿನ ಕೊನೆಯ ಮನೆಯ ಕಾಳುಗಳಿಂದ ಗುಣಿಸಿದಾಗ ಪರಿಪೂರ್ಣ ಸಂಖ್ಯೆ ದೊರೆಯುವುದೆಂದು ಯೂಕ್ಲಿಡ್ ಸಾಧಿಸಿ ತೋರಿಸಿದ. ಮೂರು ಮನೆಗಳ ಮೊತ್ತ 7, ಕೊನೆಯ ಮನೆಯಲ್ಲಿ 4, ಗುಣಿಸಿದರೆ 28. ಐದು ಮನೆಗಳ ಮೊತ್ತ 31, ಕೊನೆಯ ಮನೆಯಲ್ಲಿ 16, ಗುಣಿಸಿದರೆ 496. ಆದುದರಿಂದ ಯಾವ ಮೊತ್ತ ಅವಿಭಾಜ್ಯ, ಯಾವುದು ಅಲ್ಲ ಎಂಬ ಪ್ರಶ್ನೆ ಶತಮಾನಗಳಿಂದ ಶತಮಾನಗಳಿಗೆ ಹರಿದುಬಂದಿತು.

ಮನೆಗಳ ಎಣಿಕೆ ಅವಿಭಾಜ್ಯವಾದರೆ ಮೊತ್ತವೂ ಅವಿಭಾಜ್ಯವೆಂದು ಬಹುಕಾಲ ನಂಬಿದ್ದವರುಂಟು. ಆ ನಂಬಿಕೆ 11ರಲ್ಲೇ ಮುರಿಯುತ್ತದೆ: 11ರ ಸಂಖ್ಯೆ 2,047, ಅದು 23ನ್ನು 89ರಿಂದ ಗುಣಿಸಿದ ಫಲ. ಇದು 1536ರ ಹೊತ್ತಿಗೆ ಅಚ್ಚಿಗೆ ಬಂದಿತ್ತು. 1640ರಲ್ಲಿ ಫ್ರಾನ್ಸಿನ ಫರ್ಮಾ ಒಂದು ಬೆಲೆಯುಳ್ಳ ಸೂತ್ರವನ್ನು ಕಂಡುಕೊಂಡ. ಮನೆಗಳ ಎಣಿಕೆ ಅವಿಭಾಜ್ಯವಾಗಿದ್ದರೆ, ಮೊತ್ತದ ಯಾವುದೇ ಭಾಜಕವು ಆ ಎಣಿಕೆಯ ಇಮ್ಮಡಿಯ ಯಾವುದಾದರೊಂದು ಗುಣಕಕ್ಕೆ ಒಂದನ್ನು ಕೂಡಿಸಿದ್ದೇ ಆಗಿರಬೇಕು. ಅದರ ಬಲದಿಂದ ಅವನು 37ರ ಸಂಖ್ಯೆಯಾದ 1,37,43,89,53,471 ಎಂಬುದನ್ನು 223ರಿಂದ ಒಡೆದು ತೋರಿಸಿದ. 37ರ ಇಮ್ಮಡಿ 74. ಅದರ ಮೂರು ಪಟ್ಟು 222. ಒಂದು ಕೂಡಿಸಿದರೆ 223. ಸೂತ್ರ ತಿಳಿದವನಿಗೆ ಮೂರನೆಯ ಪ್ರಯತ್ನದಲ್ಲೇ ಕೋಟೆಯ ಬಾಗಿಲು ತೆರೆಯಿತು.

ಫರ್ಮಾನಿಗೂ ದೆಕಾರ್ತನಿಗೂ ಸ್ನೇಹಿತನಾಗಿ, ಯೂರೋಪಿನ ವಿದ್ವಾಂಸರೆಲ್ಲರ ನಡುವೆ ಓಲೆಗಳ ಸೇತುವೆಯಂತಿದ್ದವನು ಪ್ಯಾರಿಸಿನ ಪಾದ್ರಿ ಮಾರಿನ್ ಮೆರ್ಸೆನ್. 1644ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಅವನು ಒಂದು ಪಟ್ಟಿಯನ್ನು ಕೊಟ್ಟ. 257ರ ವರೆಗಿನ ಎಣಿಕೆಗಳಲ್ಲಿ 2, 3, 5, 7, 13, 17, 19, 31, 67, 127, 257 ಈ ಹನ್ನೊಂದಕ್ಕೆ ಮಾತ್ರ ಮೊತ್ತ ಅವಿಭಾಜ್ಯವಾಗಿರುತ್ತದೆ ಎಂಬುದು ಅವನ ವಾಕ್ಯ. ಆಧಾರವನ್ನು ಕೊಡಲಿಲ್ಲ. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯಲು ಕಾಲವೆಲ್ಲವೂ ಸಾಲದೆಂದು ಅದೇ ಗ್ರಂಥದಲ್ಲಿ ತಾನೇ ಒಪ್ಪಿಕೊಂಡವನು ಇಪ್ಪತ್ತೊಂದು ಅಂಕಿಗಳ 67ರ ಸಂಖ್ಯೆಯ ಬಗೆಗೆ ಇಷ್ಟು ನಿಶ್ಶಂಕೆಯಿಂದ ಹೇಳಿದ್ದು ಹೇಗೆಂಬುದು ಸೋಜಿಗವೇ ಸರಿ. ಆದರೂ ಪಾದ್ರಿಯ ಮಾತಿಗೆ ಮನ್ನಣೆಯಿತ್ತು. ಎದುರಾಡಲು ಯಾರ ಬಳಿಯೂ ಸಾಧನವಿರಲಿಲ್ಲ.

ಪಟ್ಟಿ ಪೂರ್ತಿಯಾಗಿ ಶೋಧನೆಗೊಂಡದ್ದು 1947ರಲ್ಲಿ. ಐದು ತಪ್ಪುಗಳು ಹೊರಬಿದ್ದವು. 67 ಮತ್ತು 257 ಇರಬಾರದಾಗಿತ್ತು; 61, 89, 107 ಇರಬೇಕಾಗಿತ್ತು. 61 ಎಂದು ಬರೆದಿದ್ದುದನ್ನು ಮುದ್ರಾರಾಕ್ಷಸನು 67 ಮಾಡಿದನೆಂದು ಪಾದ್ರಿಯ ಪರವಾಗಿ ವಾದಿಸಿದವರೂ ಇದ್ದಾರೆ. ಪಾಪ, ಅಚ್ಚಿನ ಮೊಳೆ ಜೋಡಿಸುವವನ ತಲೆಗೆ ಎಷ್ಟೆಂದು ಹೊರಿಸುವುದು! ಬಿಟ್ಟುಹೋದ 89ಕ್ಕೂ 107ಕ್ಕೂ ಆ ಸಮಾಧಾನ ಒದಗದು.

ಮಡಕೆಯ ನಾದ

ಈ ಪಟ್ಟಿಯ ಮೇಲೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1876ರಲ್ಲಿ. ಕೊಟ್ಟವನು ಫ್ರಾನ್ಸಿನವನೇ ಆದ ಎದುವಾರ್ ಲೂಕಾ. ಇವನು ವಿನೋದಗಣಿತದ ರಸಿಕ. ಮೂರು ಕಂಬಗಳ ಮೇಲೆ ಬಿಲ್ಲೆಗಳನ್ನು ಸಾಗಿಸುವ 'ಹನೋಯ್ ಗೋಪುರ'ವೆಂಬ ಆಟವನ್ನು 1883ರಲ್ಲಿ ಮಾರುಕಟ್ಟೆಗೆ ತಂದವನು ಇವನೇ. ಕಾಶಿಯ ದೇವಾಲಯವೊಂದರಲ್ಲಿ ಅರ್ಚಕರು ಅರವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಹಗಲಿರುಳೂ ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರೆಂದೂ, ಆ ಕೆಲಸ ಮುಗಿದ ದಿನ ಪ್ರಳಯವಾಗುವುದೆಂದೂ ಆ ಆಟದ ಜೊತೆಗೆ ಒಂದು ಕಥೆ ಫ್ರಾನ್ಸಿನಲ್ಲಿ ಹಬ್ಬಿತು. ಕಾಶಿಯವರಿಗೆ ಮಾತ್ರ ಇದರ ಸುದ್ದಿಯೇ ಇರಲಿಲ್ಲ! ಆ ಅರ್ಚಕರು ಮಾಡಬೇಕಾದ ಸಾಗಣೆಗಳ ಎಣಿಕೆ ನಮ್ಮ ಚದುರಂಗದ ಅರಸನ ಕಾಳುಗಳಷ್ಟೇ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಲೂಕಾ ಕಂಡುಹಿಡಿದ ಪರೀಕ್ಷೆ ಭಾಜಕಗಳನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ. ಅಮೆರಿಕದ ಲೇಮರ್ 1930ರಲ್ಲಿ ತಿದ್ದಿ ಕೊಟ್ಟ ರೂಪದಲ್ಲಿ ಅದನ್ನು ಇಲ್ಲಿ ವಿವರಿಸುತ್ತೇನೆ. ನಾಲ್ಕರಿಂದ ಆರಂಭಿಸಿ. ಅದರ ವರ್ಗದಲ್ಲಿ ಎರಡನ್ನು ಕಳೆಯಿರಿ. ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಿ. ಆ ಶೇಷಕ್ಕೂ ಹೀಗೆಯೇ ಮಾಡಿ. ಮನೆಗಳ ಎಣಿಕೆಗಿಂತ ಒಂದು ಕಡಿಮೆಯಾದ ಸ್ಥಾನದಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 5ರ ಸಂಖ್ಯೆಯಾದ 31ನ್ನು ನೋಡಿ. ಮೊದಲು 4, ಬಳಿಕ 14. ಹದಿನಾಲ್ಕರ ವರ್ಗ 196, ಎರಡು ಕಳೆದರೆ 194. ಮೂವತ್ತೊಂದರಿಂದ ಭಾಗಿಸಿದರೆ ಶೇಷ 8. ಎಂಟರ ವರ್ಗ 64, ಎರಡು ಕಳೆದರೆ 62, ಶೇಷ ಸೊನ್ನೆ. ನಾಲ್ಕನೆಯ ಸ್ಥಾನದಲ್ಲಿ ಸೊನ್ನೆ ಬಂದಿತು, 31 ಅವಿಭಾಜ್ಯ. ಇದೇ ಕ್ರಮದಲ್ಲಿ 2,047ನ್ನು ಪರೀಕ್ಷಿಸಿದರೆ ಹತ್ತನೆಯ ಸ್ಥಾನದಲ್ಲಿ ಉಳಿಯುವುದು 1,736. ಸೊನ್ನೆಯಲ್ಲ, ಆದುದರಿಂದ ಸಂಯುಕ್ತ ಸಂಖ್ಯೆ. ಆದರೆ ಈ ಇಡೀ ಲೆಕ್ಕದಲ್ಲಿ 23 ಆಗಲಿ 89 ಆಗಲಿ ಎಲ್ಲಿಯೂ ಮುಖ ತೋರಿಸಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಬೆರಳಿನ ಗೆಣ್ಣಿನಿಂದ ಅದನ್ನು ಬಡಿದು ನೋಡುತ್ತಾಳೆ. ನಾದ ಒಡಕಾಗಿದ್ದರೆ ಮಡಕೆಯನ್ನು ಹಿಂದಕ್ಕೆ ಇಡುತ್ತಾಳೆ. ಬಿರುಕು ಎಲ್ಲಿದೆ ಎಂದು ಕೇಳಿದರೆ ಅವಳಿಂದ ತೋರಿಸಲಾಗದು. ಬಿರುಕು ಇದೆಯೆಂಬುದರಲ್ಲಿ ಮಾತ್ರ ಅವಳಿಗೆ ಸಂಶಯವಿಲ್ಲ. ಲೂಕಾ 67ರ ಸಂಖ್ಯೆಯನ್ನು ಬಡಿದು ನೋಡಿ, ಪಾದ್ರಿ ತಪ್ಪಿದ್ದಾನೆಂದು ಸಾರಿದ. ಒಡೆಯುವುದು ನಿಶ್ಚಯ, ಯಾವುದರಿಂದ ಒಡೆಯುವುದೋ ತಿಳಿಯದು. ಇಂಥ ಜ್ಞಾನವನ್ನು ಜ್ಞಾನವೆಂದು ಒಪ್ಪಲು ಸಾಮಾನ್ಯ ಬುದ್ಧಿ ಹಿಂಜರಿಯುತ್ತದೆ. ಇಪ್ಪತ್ತೊಂದು ಅಂಕಿಗಳ ಸಂಖ್ಯೆಯಿಂದ ಮತ್ತೆ ಮತ್ತೆ ಭಾಗಿಸುವ ಆ ದೀರ್ಘ ಸರಣಿಯಲ್ಲಿ ಎಲ್ಲಾದರೂ ಒಂದು ಅಂಕಿ ತಪ್ಪಿದ್ದರೆ? ಲೂಕಾನ ಮಾತನ್ನು ಪರೀಕ್ಷಿಸಬೇಕಾದವರು ಅವನಷ್ಟೇ ಶ್ರಮಪಡಬೇಕಾಗಿತ್ತು. ಲೂಕಾ 1891ರಲ್ಲಿ ತೀರಿಕೊಂಡ. ಔತಣಕೂಟವೊಂದರಲ್ಲಿ ಕೈಜಾರಿ ಬಿದ್ದೊಡೆದ ಪಾತ್ರೆಯ ಚೂರೊಂದು ಕೆನ್ನೆಗೆ ತಗುಲಿ, ಗಾಯ ನಂಜೇರಿ, ಕೆಲವೇ ದಿನಗಳಲ್ಲಿ ಪ್ರಾಣ ಹೋಯಿತು. ತಾನು ಸಾರಿದ ಬಿರುಕನ್ನು ಕಣ್ಣಾರೆ ಕಾಣುವ ಭಾಗ್ಯ ಅವನಿಗಿರಲಿಲ್ಲ.

ಮಾತಿಲ್ಲದ ಉಪನ್ಯಾಸ

1903ನೆಯ ಇಸವಿ ಅಕ್ಟೋಬರ್ 31, ಶನಿವಾರ. ನ್ಯೂಯಾರ್ಕ್ ನಗರದಲ್ಲಿ ಅಮೆರಿಕದ ಗಣಿತ ಸಂಘದ ಸಭೆ. ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಎಂಬವರ ಪ್ರಬಂಧವೊಂದು ಅಂದಿನ ಕಾರ್ಯಕ್ರಮದಲ್ಲಿತ್ತು. ಶೀರ್ಷಿಕೆ, 'ದೊಡ್ಡ ಸಂಖ್ಯೆಗಳ ಅಪವರ್ತನದ ಬಗೆಗೆ' ಎಂದಷ್ಟೆ. ಕೋಲ್ ಆ ಸಂಘದ ಕಾರ್ಯದರ್ಶಿಯೂ ಹೌದು, ಮಿತಭಾಷಿ. ಮುಂದಿನದನ್ನು ಬರೆದಿಟ್ಟವನು ಎರಿಕ್ ಟೆಂಪಲ್ ಬೆಲ್. ಕಥೆಗೆ ಒಂದಿಷ್ಟು ಬಣ್ಣ ಕಟ್ಟುವುದರಲ್ಲಿ ಬೆಲ್ ಹೆಸರಾದವನೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಕೋಲ್ ಎದ್ದು ಕರಿಹಲಗೆಯ ಬಳಿಗೆ ನಡೆದರು. ಒಂದು ಮಾತನ್ನೂ ಆಡದೆ ಸೀಮೆಸುಣ್ಣವನ್ನು ತೆಗೆದುಕೊಂಡು ಎರಡರ 67ನೆಯ ಘಾತವನ್ನು ಗುಣಿಸತೊಡಗಿದರು. ಕೊನೆಯಲ್ಲಿ ಎಚ್ಚರದಿಂದ ಒಂದನ್ನು ಕಳೆದರು. ಇಪ್ಪತ್ತೊಂದು ಅಂಕಿಗಳು ಹಲಗೆಯ ಮೇಲೆ ನಿಂತವು. ಆಮೇಲೆ ಹಲಗೆಯ ಬರಿದಾದ ಭಾಗಕ್ಕೆ ಸರಿದು ಎರಡು ಸಂಖ್ಯೆಗಳನ್ನು ಬರೆದರು:

19,37,07,721 ಮತ್ತು 7,61,83,82,57,287.

ಶಾಲೆಯ ಹುಡುಗರು ಮಾಡುವಂತೆ ಸಾಲಿನ ಕೆಳಗೆ ಸಾಲು ಬರೆದು ಗುಣಿಸಿದರು, ಕೂಡಿಸಿದರು. ಎರಡು ಕಡೆಯ ಉತ್ತರಗಳೂ ಅಂಕಿಗೆ ಅಂಕಿ ಒಂದೇ. ಕೋಲ್ ಮೌನವಾಗಿಯೇ ಹೋಗಿ ತಮ್ಮ ಸ್ಥಾನದಲ್ಲಿ ಕುಳಿತರು. ಸಭೆ ಕರತಾಡನದಿಂದ ತುಂಬಿತು; ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳುವುದಕ್ಕೆ ಏನಿತ್ತು? ಗುಣಾಕಾರ ಬಲ್ಲ ಯಾರೇ ಆಗಲಿ ಅರ್ಧ ಗಂಟೆಯಲ್ಲಿ ತಾಳೆ ನೋಡಬಹುದಾದ ಸಾಕ್ಷ್ಯ ಕಣ್ಣೆದುರಿಗಿತ್ತು.

ವಾಚಕರೂ ನೋಡಬಹುದು. ಅರವತ್ತೇಳು ಬಾರಿ ಇಮ್ಮಡಿಸುವ ಕಷ್ಟವೇನೂ ಬೇಡ. ಎಣಿಕೆ ಸಮವಾದರೆ ಅರ್ಧ ಮಾಡು, ಬೆಸವಾದರೆ ಒಂದು ಕಳೆ ಎಂಬ ಉಪಾಯವನ್ನು ನಮ್ಮ ಪಿಂಗಳನು ಛಂದಶ್ಶಾಸ್ತ್ರದಲ್ಲಿ ಲಘುಗುರುಗಳ ವಿನ್ಯಾಸಗಳನ್ನು ಎಣಿಸುವುದಕ್ಕಾಗಿಯೇ ಹೇಳಿಟ್ಟಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ಇದೇ ಹಾದಿ. 67, 66, 33, 32, 16, 8, 4, 2, 1 ಎಂದು ಇಳಿದು, ಅರ್ಧ ಮಾಡಿದೆಡೆಯಲ್ಲಿ ವರ್ಗಿಸುತ್ತಲೂ ಒಂದು ಕಳೆದೆಡೆಯಲ್ಲಿ ಇಮ್ಮಡಿಸುತ್ತಲೂ ಮರಳಿ ಏರಿದರೆ ಎಂಟೇ ಹೆಜ್ಜೆಗಳಲ್ಲಿ ಉತ್ತರ ಸಿಗುತ್ತದೆ. ಗುಣಾಕಾರಕ್ಕೂ ಬೇಸರವಾದರೆ ಹಳೆಯ ಶಾನುಭೋಗರ ಮನೆಗಳಲ್ಲಿ ರೂಢಿಯಲ್ಲಿದ್ದ ಒಂಬತ್ತರ ತಾಳೆಯಾದರೂ ಇದೆ. ಮೊದಲ ಭಾಜಕದ ಅಂಕಿಗಳನ್ನು ಕೂಡಿಸಿದರೆ 37, ಮತ್ತೆ ಕೂಡಿಸಿದರೆ 10, ಮತ್ತೆ 1. ಎರಡನೆಯದರದು 64, 10, 1. ಒಂದನ್ನು ಒಂದರಿಂದ ಗುಣಿಸಿದರೆ ಒಂದು. ಇಪ್ಪತ್ತೊಂದು ಅಂಕಿಗಳ ಮೊತ್ತ 109; ಅದು 10; ಅದೂ 1. ತಾಳೆಯಾಯಿತು.

ಈ ಎರಡು ಸಂಖ್ಯೆಗಳನ್ನು ಕಂಡುಹಿಡಿಯಲು ಎಷ್ಟು ಕಾಲ ಹಿಡಿಯಿತೆಂದು ಬೆಲ್ ಹಲವು ವರ್ಷಗಳ ಬಳಿಕ ಕೇಳಿದನಂತೆ. ಮೂರು ವರ್ಷದ ಭಾನುವಾರಗಳು ಎಂದರಂತೆ ಕೋಲ್.

ಮಾತು ಬಣ್ಣದ್ದೋ ನಿಜವೋ, ಲೆಕ್ಕ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಫರ್ಮಾನ ಸೂತ್ರದಂತೆ 67ರ ಸಂಖ್ಯೆಯ ಭಾಜಕ 134ರ ಗುಣಕಕ್ಕೆ ಒಂದು ಕೂಡಿಸಿದ್ದಾಗಿರಬೇಕು. ಎಂಟರಿಂದ ಭಾಗಿಸಿದಾಗ ಶೇಷ ಒಂದೋ ಏಳೋ ಆಗಿರಬೇಕೆಂಬ ಇನ್ನೊಂದು ನಿಯಮದಿಂದ ಅವುಗಳಲ್ಲಿ ಅರ್ಧದಷ್ಟು ಬಿದ್ದುಹೋಗುತ್ತವೆ. ಕೋಲ್ ಕಂಡ ಚಿಕ್ಕ ಭಾಜಕವು 134ರ 14,45,580ನೆಯ ಗುಣಕದ ಮುಂದಿನ ಸಂಖ್ಯೆ. ಅಂದರೆ ಒಂದೊಂದಾಗಿ ಭಾಗಿಸುತ್ತ ಹೋದವನು ಏಳು ಲಕ್ಷ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಭಾಗಾಕಾರಗಳನ್ನು ಮಾಡಬೇಕು. ಒಂದಕ್ಕೆ ಐದು ನಿಮಿಷವೆಂದರೂ ಅರವತ್ತು ಸಾವಿರ ಗಂಟೆ! ಭಾನುವಾರಕ್ಕೆ ಹತ್ತು ಗಂಟೆ ದುಡಿದರೆ ನೂರಹದಿನೈದು ವರ್ಷದ ಭಾನುವಾರಗಳು. ಮೂರು, ಐದು, ಏಳರಿಂದ ಹೋಗುವ ಸಂಖ್ಯೆಗಳನ್ನು ಮೊದಲೇ ಬದಿಗಿಟ್ಟರೂ ಐವತ್ತು ವರ್ಷಕ್ಕೆ ಕಡಿಮೆಯಿಲ್ಲ.

ಕೋಲ್ ಹಿಡಿದ ದಾರಿ ಬೇರೆ. ಪೂರ್ಣವರ್ಗವಾದ ಯಾವ ಸಂಖ್ಯೆಯೂ 2, 3, 7, 8 ಈ ಅಂಕಿಗಳಲ್ಲಿ ಮುಗಿಯದೆಂಬುದನ್ನು ಲೆಕ್ಕದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳೆಲ್ಲ ಬಲ್ಲರು. ವರ್ಗಗಳು ಎಲ್ಲ ಶೇಷಗಳನ್ನೂ ಉಳಿಸುವುದಿಲ್ಲ. ಕೆಲವನ್ನು ಮಾತ್ರ ಉಳಿಸುತ್ತವೆ. ದೊಡ್ಡ ಸಂಖ್ಯೆಯಿಂದ ಭಾಗಿಸಿದಾಗ ಪುಟ್ಟ ಶೇಷವನ್ನು ಉಳಿಸುವಂಥ ವರ್ಗವೊಂದನ್ನು ಹುಡುಕಿ ತೆಗೆದರೆ, ಆ ಶೇಷವು ಅಡಗಿರುವ ಭಾಜಕದ ಮೇಲೆ ಒಂದು ಕಟ್ಟುಪಾಡನ್ನು ಹೇರುತ್ತದೆ. ಅಭ್ಯರ್ಥಿಗಳಲ್ಲಿ ಅರ್ಧದಷ್ಟು ಅನರ್ಹರಾಗುತ್ತಾರೆ. ಇಂಥ ಇನ್ನೊಂದು ಶೇಷ ಸಿಕ್ಕರೆ ಉಳಿದವರಲ್ಲಿ ಮತ್ತೆ ಅರ್ಧ. ಹೀಗೆ ಜರಡಿಯ ಮೇಲೆ ಜರಡಿ ಹಿಡಿಯುತ್ತ, ಭಾಗಿಸದೆಯೇ ಲಕ್ಷಗಟ್ಟಲೆ ಸಂಖ್ಯೆಗಳನ್ನು ಸೋಸಿ ಎಸೆಯಬಹುದು. ಯಂತ್ರವಿಲ್ಲದ ಕಾಲದಲ್ಲಿ, ವಾರದ ಆರು ದಿನಗಳ ಉದ್ಯೋಗ ಮುಗಿಸಿದ ಮನುಷ್ಯನೊಬ್ಬ ಏಳನೆಯ ದಿನ ಇದನ್ನು ಮಾಡಿದನೆಂಬುದೇ ನನಗೆ ಆ ಕರತಾಡನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕೋಲ್ 1920ರಲ್ಲಿ ಕಾರ್ಯದರ್ಶಿಯ ಹುದ್ದೆಯಿಂದ ನಿವೃತ್ತರಾದಾಗ ಸಂಘದವರು ಹಣ ಕೂಡಿಸಿ ಒಪ್ಪಿಸಿದ ಕಾಣಿಕೆಯನ್ನು ಅವರು ಸಂಘಕ್ಕೇ ಹಿಂದಿರುಗಿಸಿದರು. ಅದರಿಂದ ಹುಟ್ಟಿದ ಕೋಲ್ ಪಾರಿತೋಷಕವನ್ನು ಸಂಖ್ಯಾಶಾಸ್ತ್ರದಲ್ಲಿ 2008ರಲ್ಲಿ ಮಂಜುಲ ಭಾರ್ಗವರೂ 2011ರಲ್ಲಿ ಜೊತೆಗಾರರೊಬ್ಬರೊಡನೆ ಚಂದ್ರಶೇಖರ ಖರೆಯವರೂ ಪಡೆದರು.

ಒಡೆಯದ ಬೀಗ

ಕೋಲ್ ಮೂರು ವರ್ಷ ದುಡಿದು ಪಡೆದ ಉತ್ತರವನ್ನು ಇಂದು ಮೇಜಿನ ಮೇಲಿನ ಗಣಕಯಂತ್ರ ಕಣ್ಣುಮಿಟುಕಿಸುವಷ್ಟರಲ್ಲಿ ಕೊಡುತ್ತದೆ. ಆದರೆ ಆ ಸಂಖ್ಯೆಯಲ್ಲಿ ಬೆಳಕಿಗೆ ಬಂದ ಅಂತರ ಇಂದಿಗೂ ತುಂಬಿಲ್ಲ. ಒಡೆಯುತ್ತದೆಯೇ ಎಂದು ತಿಳಿಯುವುದು ಒಂದು ಕೆಲಸ. ಒಡೆಯುವುದು ಬೇರೊಂದು ಕೆಲಸ. ಮೊದಲನೆಯದು ಎಂಥ ಸಂಖ್ಯೆಗೂ ಮಿತವಾದ ಕಾಲದಲ್ಲಿ ಸಾಧ್ಯವೆಂಬುದನ್ನು 2002ರಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಧಿಸಿದವರು ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ತರುಣ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಎರಡನೆಯದಕ್ಕೆ ಅಂಥ ರಾಜಮಾರ್ಗ ನಮ್ಮ ಸಾಮಾನ್ಯ ಗಣಕಗಳಿಗೆ ಇನ್ನೂ ದೊರೆತಿಲ್ಲ.

ಇದನ್ನೇ ಬೀಗವಾಗಿ ಬಳಸಬಹುದೆಂದು ಅಮೆರಿಕದ ರಿವೆಸ್ಟ್, ಶಮೀರ್, ಆಡ್ಲಮನ್ ಎಂಬ ಮೂವರು 1977ರಲ್ಲಿ ತೋರಿಸಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ಸಾರಿ, ಭಾಜಕಗಳನ್ನು ಮಾತ್ರ ಗುಟ್ಟಾಗಿಟ್ಟುಕೊಂಡರೆ ಆಯಿತು. ಆ ಗುಣಲಬ್ಧದಿಂದ ಯಾರು ಬೇಕಾದರೂ ಸಂದೇಶವನ್ನು ಮುಚ್ಚಬಹುದು, ತೆರೆಯುವುದು ಭಾಜಕ ಬಲ್ಲವನಿಂದಲೇ. ಹಣಕಾಸಿನ ವ್ಯವಹಾರದ ಗುಟ್ಟುಗಳನ್ನು ತಂತಿಯ ಮೇಲೆ ಕಾಯುವ ಬೀಗಗಳಲ್ಲಿ ಇದೂ ಒಂದಾಯಿತು. ಪರೀಕ್ಷೆಗೆಂದು ಅವರು 129 ಅಂಕಿಗಳ ಒಂದು ಸಂಖ್ಯೆಯನ್ನು ಪ್ರಕಟಿಸಿ, ಒಡೆದವರಿಗೆ ನೂರು ಡಾಲರ್ ಬಹುಮಾನ ಘೋಷಿಸಿದರು. ಕೋಟ್ಯನುಕೋಟಿ ವರ್ಷಗಳು ಬೇಕಾದಾವೆಂದು ಆಗಿನ ಅಂದಾಜು. ಹದಿನೇಳು ವರ್ಷಗಳಲ್ಲಿ, 1994ರಲ್ಲಿ, ಸುಮಾರು ಆರುನೂರು ಮಂದಿ ಸ್ವಯಂಸೇವಕರು ತಮ್ಮ ಗಣಕಗಳನ್ನು ಒಟ್ಟುಗೂಡಿಸಿ ಅದನ್ನು 64 ಮತ್ತು 65 ಅಂಕಿಗಳ ಎರಡು ತುಂಡುಗಳಾಗಿ ಒಡೆದರು. ಅವರು ಬಳಸಿದ್ದೂ ವರ್ಗಶೇಷಗಳ ಜರಡಿಯನ್ನೇ. ಬೀಗ ಮಾಡುವವರು ಅಂದಿನಿಂದ ಸಂಖ್ಯೆಗಳ ಉದ್ದವನ್ನು ಹೆಚ್ಚಿಸುತ್ತ ಬಂದಿದ್ದಾರೆ.

ಮೆರ್ಸೆನ್ ಪಾದ್ರಿಯ ವಂಶದ ಸಂಖ್ಯೆಗಳಲ್ಲಿಯೇ 67ರದಕ್ಕಿಂತ ಹಟಮಾರಿಯಾದುದೊಂದಿದೆ. ಕ್ಯಾಲಿಫೋರ್ನಿಯದ ರಾಫೇಲ್ ರಾಬಿನ್‌ಸನ್ 1952ರಲ್ಲಿ ಲಾಸ್ ಏಂಜಲೀಸಿನ ಗಣಕಯಂತ್ರವೊಂದಕ್ಕೆ ಲೂಕಾನ ಪರೀಕ್ಷೆಯನ್ನು ಕಲಿಸಿ, ಹೊಸ ಅವಿಭಾಜ್ಯಗಳನ್ನು ಸಾಲುಸಾಲಾಗಿ ಹೊರತೆಗೆದ. ಅವುಗಳಲ್ಲಿ 386 ಅಂಕಿಗಳ 1279ರ ಸಂಖ್ಯೆಯೂ ಒಂದು. ಅದರ ಪಕ್ಕದ ಮನೆಯದೇ ಆದ 1277ರ ಸಂಖ್ಯೆಗೆ 385 ಅಂಕಿಗಳು. ಪರೀಕ್ಷೆಯ ಕೊನೆಯಲ್ಲಿ ಅದಕ್ಕೆ ಸೊನ್ನೆ ಬರುವುದಿಲ್ಲ. ಆದುದರಿಂದ ಅದು ಒಡೆಯುತ್ತದೆ. ಅದರ ಯಾವ ಭಾಜಕವೇ ಆಗಲಿ 2,554ರ ಗುಣಕಕ್ಕೆ ಒಂದು ಕೂಡಿಸಿದ್ದಾಗಿರುತ್ತದೆ, ಎಂಟರಿಂದ ಭಾಗಿಸಿದಾಗ ಒಂದನ್ನೋ ಏಳನ್ನೋ ಉಳಿಸುತ್ತದೆ. ಅಂಥ ಒಂದೇ ಒಂದು ಭಾಜಕವೂ ಈವರೆಗೆ ಯಾರ ಕೈಗೂ ಸಿಕ್ಕಿಲ್ಲ.